ಒಂದೇ ಅತ್ತರು, ಮೈಗೊಂದು ಪರಿಮಳ

ಸಂತೆಯಲ್ಲೋ ಜಾತ್ರೆಯಲ್ಲೋ ಅತ್ತರು ಮಾರುವವನು ಗಾಜಿನ ಕಡ್ಡಿಯನ್ನು ಶೀಶೆಯಲ್ಲಿ ಅದ್ದಿ ನಿಮ್ಮ ಮುಂಗೈಗೆ ಸವರುತ್ತಾನೆ. ಮೂಸಿ ನೋಡುತ್ತೀರಿ. ಘಮ್ಮೆನ್ನುವ ಮಲ್ಲಿಗೆ. ಚೌಕಾಸಿ ಮಾಡಿ ಕೊಂಡು, ಸಕಲೇಶಪುರದಲ್ಲಿ ಬಸ್ಸು ಹತ್ತಿ, ಬಾಳ್ಳುಪೇಟೆ ದಾಟುವ ಹೊತ್ತಿಗೆ ಮತ್ತೊಮ್ಮೆ ಮೂಸುತ್ತೀರಿ. ಮಲ್ಲಿಗೆ ಎಲ್ಲೋ ಹೋಗಿದೆ. ಅದರ ಜಾಗದಲ್ಲಿ ಮರದ ಹೊಟ್ಟಿನಂತಹ, ಸ್ವಲ್ಪ ಸಿಹಿ ಬೆರೆತ ಬೇರೆಯದೇ ವಾಸನೆ. ಆಲೂರು ತಲುಪುವಾಗ ಅದೂ ಇಲ್ಲ. ಮೋಸ ಹೋದೆ ಎಂದುಕೊಂಡು ಮನೆಗೆ ಹೋದರೆ ಮನೆಯವರು ಬಾಗಿಲಲ್ಲೇ, "ಇದೇನು, ಇಷ್ಟೊಂದು ಘಾಟು?" ಎಂದು ಮೂಗು ಮುಚ್ಚಿಕೊಳ್ಳುತ್ತಾರೆ.

ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ವಾಸನೆ ಬದಲಾದದ್ದು ನಿಜ, ನಿಮ್ಮ ಮೂಗಿಗೆ ಅದು ಹೋದದ್ದು ನಿಜ, ಮನೆಯವರ ಮೂಗಿಗೆ ಬಂದದ್ದೂ ನಿಜ. ಇದರಲ್ಲಿ ಅತ್ತರಿನ ಪಾಲೆಷ್ಟು, ಚರ್ಮದ ಪಾಲೆಷ್ಟು, ಮೂಗಿನ ಪಾಲೆಷ್ಟು ಎಂಬುದನ್ನು ತಿಳಿದುಕೊಂಡರೆ ಹಣ ಉಳಿಯುತ್ತದೆ, ಚರ್ಮವೂ ಉಳಿಯುತ್ತದೆ. ಕೆಲವರ ವಿಷಯದಲ್ಲಿ ಜೀವವೇ ಉಳಿಯಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಅತ್ತರಿನ ವಿಷಯ. ಅದು ಒಂದೇ ವಸ್ತುವಲ್ಲ, ಹತ್ತಾರು ರಾಸಾಯನಿಕಗಳ ಮಿಶ್ರಣ. ಇವುಗಳಲ್ಲಿ ಕೆಲವು ಹಗುರ, ಕೆಲವು ಭಾರ. ನಿಂಬೆ, ಕಿತ್ತಳೆ ಸಿಪ್ಪೆ ಹಿಂಡಿದಾಗ ಮೂಗಿಗೆ ಚುಚ್ಚುವ ಲಿಮೊನೀನ್ 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕೊತ್ತಂಬರಿ ಬೀಜದಲ್ಲೂ ಮಲ್ಲಿಗೆಯಲ್ಲೂ ಇರುವ ಲಿನಲೂಲ್‌ಗೆ 198 ಡಿಗ್ರಿ ಬೇಕು. ಶ್ರೀಗಂಧದ ಎಣ್ಣೆಯ ಜೀವಾಳವಾದ ಸ್ಯಾಂಟಲಾಲ್‌ಗೆ 300 ಡಿಗ್ರಿಯ ಆಸುಪಾಸು. ಮೈಯ ಶಾಖದಲ್ಲಿ ಇವು ಯಾವುವೂ ಕುದಿಯುವುದಿಲ್ಲ, ನಿಜ. ಆದರೆ 100 ಡಿಗ್ರಿಯಲ್ಲಿ ಕುದಿಯುವ ನೀರು ಹಿತ್ತಲ ತಂತಿಯ ಮೇಲಿನ ಬಟ್ಟೆಯಿಂದ ಆರಿ ಹೋಗುವುದಿಲ್ಲವೆ? ಹಾಗೆಯೇ ಇವೂ ಆರುತ್ತವೆ. ಹಗುರವಾದವು ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತವೆ, ಹೂವಿನ ಗಂಧಗಳು ಗಂಟೆ ಎರಡು ಗಂಟೆ ನಿಲ್ಲುತ್ತವೆ. ಶ್ರೀಗಂಧ, ಲಾವಂಚ, ಪಚ್ಚೆತೆನೆಯಂಥವು ಸಂಜೆಯವರೆಗೂ, ಬಟ್ಟೆಗೆ ತಾಗಿದ್ದರೆ ಮರುದಿನದವರೆಗೂ ಉಳಿಯುತ್ತವೆ. ನೀವು ಬಸ್ಸಿನಲ್ಲಿ ಮೂಸಿದ್ದು ಹೊಸ ವಾಸನೆಯಲ್ಲ. ಮೊದಲಿನಿಂದಲೂ ಅಡಿಯಲ್ಲಿದ್ದದ್ದು, ಮೇಲಿನವರು ಎದ್ದು ಹೋದ ಮೇಲೆ ಕಾಣಿಸಿಕೊಂಡಿತು ಅಷ್ಟೆ.

ಅತ್ತರು ಮಾರುವವನ ಮುಂದೆ ನಿಂತು, ಹಚ್ಚಿದ ಅರೆನಿಮಿಷದಲ್ಲಿ ತೀರ್ಮಾನ ಮಾಡುವುದೆಂದರೆ ಮದುವೆ ಮನೆಯನ್ನು ಚಪ್ಪರ ನೋಡಿ ಅಳೆದಂತೆ. ಕೈಗೆ ಹಚ್ಚಿಸಿಕೊಳ್ಳಿ, ಸಂತೆಯ ಉಳಿದ ಕೆಲಸವನ್ನೆಲ್ಲ ಮುಗಿಸಿ, ಒಂದು ಗಂಟೆ ಬಿಟ್ಟು ಮೂಸಿ ನೋಡಿ. ಆಗಲೂ ಹಿಡಿಸಿದರೆ ಕೊಳ್ಳಿ.

ಇಲ್ಲಿ ಗಂಧದೆಣ್ಣೆಯ ಬಗ್ಗೆ ಒಂದು ಮಾತು. ಮೊದಲನೆಯ ಮಹಾಯುದ್ಧದಿಂದಾಗಿ ಯೂರೋಪಿಗೆ ಹೋಗುತ್ತಿದ್ದ ಗಂಧದ ಕೊರಡುಗಳು ಇಲ್ಲೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ಮೈಸೂರು ಸ್ಯಾಂಡಲ್ ಸಾಬೂನು ಬಂದದ್ದು ಅದರ ಬೆನ್ನಿಗೇ. ಅತ್ತರಿನವರಿಗೆ ಗಂಧದೆಣ್ಣೆ ಬೇಕಾದದ್ದು ಅದರ ಸುವಾಸನೆಗೆ ಮಾತ್ರವಲ್ಲ. ಉತ್ತರ ಪ್ರದೇಶದ ಕನೌಜ್‌ನಲ್ಲಿ ತಾಮ್ರದ ಹಂಡೆಯಲ್ಲಿ ಗುಲಾಬಿಯನ್ನೋ ಕೇದಿಗೆಯನ್ನೋ ಕುದಿಸಿ, ಅದರ ಆವಿಯನ್ನು ಗಂಧದೆಣ್ಣೆಯೊಳಗೆ ಇಳಿಸುತ್ತಿದ್ದುದು ಸಾಂಪ್ರದಾಯಿಕ ವಿಧಾನ. ತಾನು ನಿಧಾನವಾಗಿ ಆರುವ ಗಂಧದೆಣ್ಣೆ ಹೂವಿನ ಗಂಧವನ್ನೂ ಬೇಗ ಹಾರಿಹೋಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಈಗ ಶ್ರೀಗಂಧದ ಬೆಲೆ ಎಲ್ಲಿಗೆ ಮುಟ್ಟಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಗ್ಗದ ಶೀಶೆಗಳಲ್ಲಿ ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಅಥವಾ ಥ್ಯಾಲೇಟ್ ಎಂಬ ವಾಸನೆಯಿಲ್ಲದ ದ್ರವಗಳಿರುತ್ತವೆ; ಪರಿಮಳವೂ ಬಹುಪಾಲು ಕಾರ್ಖಾನೆಯದು. ಕಸ್ತೂರಿ ಎಂದು ಬರೆದ ಶೀಶೆಯಲ್ಲಿ ಕಸ್ತೂರಿಮೃಗದ ಕಸ್ತೂರಿಯನ್ನು ಹುಡುಕಬೇಡಿ. ಆ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಕೃತಕವೆಂದ ಮಾತ್ರಕ್ಕೆ ಕೆಟ್ಟದ್ದು, ಹೂವಿನದೆಂದ ಮಾತ್ರಕ್ಕೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಚರ್ಮಕ್ಕೆ ಈ ಭೇದ ಗೊತ್ತಿಲ್ಲ.

ಇನ್ನು ಚರ್ಮ. ಮೈಯ ಒಳಗಿನ ಉಷ್ಣಾಂಶ 37 ಡಿಗ್ರಿಯಾದರೂ ಚರ್ಮದ ಮೇಲ್ಮೈ ಸಾಮಾನ್ಯವಾಗಿ 32ರಿಂದ 34 ಡಿಗ್ರಿ ಇರುತ್ತದೆ. ರಕ್ತನಾಳ ಚರ್ಮಕ್ಕೆ ಹತ್ತಿರವಿರುವ ಮಣಿಕಟ್ಟು, ಕುತ್ತಿಗೆಯ ಪಕ್ಕ, ಕಿವಿಯ ಹಿಂಭಾಗ ಬೆಚ್ಚಗಿರುವುದರಿಂದ ಅಲ್ಲಿ ಹಚ್ಚುವ ವಾಡಿಕೆ ಬಂದಿದೆ. ಡಿಸೆಂಬರಿನ ಇಬ್ಬನಿಯಲ್ಲಿ, ಸ್ವೆಟರು ಮಫ್ಲರು ಸುತ್ತಿಕೊಂಡು ಕಾಫಿ ಕುಯ್ಲಿಗೆ ಹೊರಟವರ ತಣ್ಣನೆಯ ಕೈಯಿಂದ ಅತ್ತರು ಮೇಲೇಳುವುದೇ ಇಲ್ಲ. ಅದೇ ಹನಿ ಮಾರ್ಚಿಯಲ್ಲಿ, ಹೂಮಳೆಗೆ ಕಾಯುವ ಸೆಕೆಯಲ್ಲಿ, ಹಚ್ಚಿದೊಡನೆ ಭುಗಿಲೆದ್ದು ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಚಳಿಗಾಲದಲ್ಲಿ ಕೊಂಡ ಅತ್ತರು ಬೇಸಿಗೆಯಲ್ಲಿ ತಲೆನೋವು ತರಿಸಿತು ಎನ್ನುವವರು ಅತ್ತರನ್ನು ಬಯ್ಯುವ ಮೊದಲು ಹನಿಯ ಲೆಕ್ಕ ನೋಡಿಕೊಳ್ಳಬೇಕು.

ಎಣ್ಣೆಪಸೆಯ ಚರ್ಮ ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಚರ್ಮದಿಂದ ಅದು ಬೇಗ ಬಿಟ್ಟುಹೋಗುತ್ತದೆ. ವಯಸ್ಸಾದವರು, ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ಉಜ್ಜಿ ಸ್ನಾನ ಮಾಡುವವರು, ಥೈರಾಯ್ಡ್ ಗ್ರಂಥಿ ಕುಗ್ಗಿದವರು, ಇವರ ಚರ್ಮ ಒಣಗಿರುತ್ತದೆ. ಮೊದಲು ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಅದರ ಮೇಲೆ ಅತ್ತರು ಹಚ್ಚಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಬೆವರಿನದು ಬೇರೆ ಕತೆ. ಈಗಷ್ಟೇ ಸುರಿದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಕಂಕುಳಿನ ವಿಶೇಷ ಗ್ರಂಥಿಗಳ ಸ್ರಾವವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಒಡೆದಾಗಲೇ ದುರ್ನಾತ ಹುಟ್ಟುವುದು. ಪ್ರತಿಯೊಬ್ಬರ ಮೈಮೇಲೂ ಈ ಬ್ಯಾಕ್ಟೀರಿಯಾಗಳ ಬಳಗ ಸ್ವಲ್ಪ ಸ್ವಲ್ಪ ಬೇರೆ. ಅಣ್ಣತಮ್ಮಂದಿರು ಒಂದೇ ಶೀಶೆಯಿಂದ ಹಚ್ಚಿಕೊಂಡರೂ ಸಂಜೆಗೆ ಒಬ್ಬನಲ್ಲಿ ಗಂಧ, ಇನ್ನೊಬ್ಬನಲ್ಲಿ ಹಳಸಿದ ಹೂವು ಎನಿಸುವುದಕ್ಕೆ ಇದೂ ಒಂದು ಕಾರಣ. ಬೆವರು ನಾರುವಾಗ ಅದರ ಮೇಲೆ ಅತ್ತರು ಹಚ್ಚಿದರೆ ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳಿ ನೋಡಿ.

ಮೂಗಿನ ವಿಷಯ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು, ಮಿದುಳು ಎರಡೂ ಅದನ್ನು ಗಮನಿಸುವುದನ್ನು ಬಿಡುತ್ತವೆ. ಪಲ್ಪರ್ ಮನೆಯಲ್ಲಿ ಕೆಲಸ ಮಾಡುವವರಿಗೆ ಕೊಳೆತ ಕಾಫಿ ಸಿಪ್ಪೆಯ ನಾತ ತಿಳಿಯುವುದಿಲ್ಲ, ಹೊರಗಿನಿಂದ ಬಂದವರು ಮೂಗು ಹಿಡಿದುಕೊಳ್ಳುತ್ತಾರೆ. ಅತ್ತರಿನದೂ ಅದೇ. ನಿಮಗೆ ತಿಳಿಯದ ಮಾತ್ರಕ್ಕೆ ಅದು ಹೋಗಿಲ್ಲ. ದೊಡ್ಡ ಊರುಗಳ ಅಂಗಡಿಗಳಲ್ಲಿ ಮೂಗು ಚುರುಕಾಗಲೆಂದು ನಡುನಡುವೆ ಮೂಸಲು ಕಾಫಿ ಬೀಜ ಇಟ್ಟಿರುತ್ತಾರೆ. ಕಾಫಿ ನಾಡಿನವರಾದ ನಮಗೆ ಹೆಮ್ಮೆಯ ಸಂಗತಿಯೇ! ಆದರೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಫಿ ಬೀಜಕ್ಕೂ ಬರಿಯ ಗಾಳಿಗೂ ಏನೂ ವ್ಯತ್ಯಾಸ ಕಂಡುಬರಲಿಲ್ಲ. ಹೊರಗೆ ಬಂದು ನಾಲ್ಕು ಉಸಿರು ಎಳೆದುಕೊಂಡರೆ ಸಾಕು, ನಮ್ಮ ಕಡೆ ಗಾಳಿಗೇನು ಬರವೆ?

ಈ ದಣಿವು ತಾತ್ಕಾಲಿಕ. ಆದರೆ ವಾಸನೆಯೇ ಶಾಶ್ವತವಾಗಿ ಕುಗ್ಗಿದವರಿದ್ದಾರೆ. "ಮೊದಲಿನ ಅತ್ತರು ಈಗೆಲ್ಲಿ ಸಿಗುತ್ತೆ ಡಾಕ್ಟ್ರೇ, ಎಲ್ಲಾ ಬರೀ ಎಣ್ಣೆ" ಎಂದು ಹಿರಿಯರೊಬ್ಬರು ದೂರುತ್ತಿದ್ದರೆ, ಪಕ್ಕದಲ್ಲಿ ನಿಂತ ಸೊಸೆ, "ಮಾವನ ರೂಮಿಗೆ ಕಾಲಿಡೋಕೆ ಆಗಲ್ಲ ಸಾರ್, ಅಷ್ಟು ಹಚ್ಕೋತಾರೆ" ಎನ್ನುತ್ತಾರೆ. ಇಂತಹ ಮಾತು ಕೇಳಿದಾಗ ನಾನು ಅತ್ತರಿನ ವಿಚಾರ ಬಿಟ್ಟು ಬೇರೆ ಪ್ರಶ್ನೆ ಕೇಳುತ್ತೇನೆ. ಹಾಲು ಸೀದದ್ದು ಗೊತ್ತಾಗುತ್ತದೆಯೆ? ಹಳಸಿದ ಸಾರು ತಿಳಿಯುತ್ತದೆಯೆ? ಗ್ಯಾಸ್ ಸೋರಿದರೆ? ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಮರ್ಕಾಪ್ಟಾನ್ ಎಂಬ ನಾರುವ ವಸ್ತುವನ್ನು ಬೆರೆಸಿರುತ್ತಾರೆ. ಅದು ಮೂಗಿಗೆ ಬಡಿಯದ ಮನುಷ್ಯ ಬೆಳಗಿನ ಜಾವ ಒಬ್ಬರೇ ಎದ್ದು ಕಾಫಿಗೆ ಒಲೆ ಹಚ್ಚಲು ಹೋದರೆ ಏನಾಗಬಹುದೆಂದು ಊಹಿಸಿಕೊಳ್ಳಿ. ಅಂತಹ ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚುವುದು, ಬೆಳಿಗ್ಗೆ ಕಿಟಕಿ ತೆರೆದ ಮೇಲೇ ಒಲೆ ಹಚ್ಚುವುದು ಮನೆಮಂದಿಯ ಜವಾಬ್ದಾರಿ.

ಅರವತ್ತು ದಾಟಿದ ಮೇಲೆ ವಾಸನೆಯ ಶಕ್ತಿ ತಾನಾಗಿಯೇ ತಗ್ಗುವುದುಂಟು. ಮೂಗಿನೊಳಗೆ ಬೆಳೆಯುವ ದುರ್ಮಾಂಸ, ಹಳೆಯ ಸೈನಸ್ ತೊಂದರೆ, ಬೀಡಿ ಸಿಗರೇಟು, ತಲೆಗೆ ಬಿದ್ದ ಪೆಟ್ಟು ಇತರ ಕಾರಣಗಳು. 2020 ಮತ್ತು 2021ರಲ್ಲಿ ಕೋವಿಡ್ ಬಂದಾಗ ವಾಸನೆ ಕಳೆದುಕೊಂಡ ಕೆಲವರಿಗೆ ಅದು ಪೂರ್ತಿ ಮರಳಲಿಲ್ಲ. ಕೈನಡುಕದ ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಕ ಕಾಣಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ವಾಸನೆ ಕುಗ್ಗಬಹುದು. ಅತ್ತರು ಜಾಸ್ತಿ ಹಚ್ಚುವವರಿಗೆಲ್ಲ ಈ ಕಾಯಿಲೆ ಎಂದು ಹೆದರಬೇಡಿ. ಆದರೆ ಒಮ್ಮೆ ಮೂಗಿನ ತಜ್ಞರಿಗೆ ತೋರಿಸುವುದರಲ್ಲಿ ನಷ್ಟವಿಲ್ಲ.

ಚರ್ಮ ಅತ್ತರನ್ನು ಸಹಿಸದೇ ಇರುವುದೂ ಉಂಟು. ವರ್ಷಗಟ್ಟಲೆ ಹಚ್ಚಿದ ಅತ್ತರೇ ಇದ್ದಕ್ಕಿದ್ದಂತೆ ಒಗ್ಗದೇ ಹೋಗಬಹುದು, ಆದ್ದರಿಂದ "ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ" ಎಂಬ ವಾದ ನಿಲ್ಲುವುದಿಲ್ಲ. ಹಚ್ಚಿದ ಒಂದೆರಡು ದಿನದ ಮೇಲೆ ತುರಿಕೆ, ಕೆಂಪು, ಸಣ್ಣ ಗುಳ್ಳೆ ಕಾಣಿಸಿಕೊಳ್ಳುತ್ತವೆ. ಅಷ್ಟು ತಡವಾಗಿ ಬರುವುದರಿಂದ ಜನ ಅತ್ತರನ್ನು ಬಿಟ್ಟು ಬದನೆಕಾಯಿಯನ್ನು ದೂರುತ್ತಾರೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದೆ ನೇರವಾಗಿ ಕಪ್ಪು ಕಲೆಯೇ ಉಳಿಯುವುದೂ ಉಂಟು. ಕುತ್ತಿಗೆಯ ಪಕ್ಕ, ಕಿವಿಯ ಹಿಂದೆ ಕಪ್ಪಾಗುತ್ತಿದೆಯೆಂದು ಬಂದವರನ್ನು ಅತ್ತರಿನ ಬಗ್ಗೆ ಕೇಳಲೇಬೇಕು. ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆಯಲ್ಲಿರುವ ಸೊರಾಲೆನ್‌ಗಳು ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತವೆ. ಹನಿ ಹರಿದ ಜಾಡಿನಲ್ಲೇ ಕಪ್ಪು ಗೆರೆ ಮೂಡುವ ಇದನ್ನು ಯೂರೋಪಿನಲ್ಲಿ 1916ರಲ್ಲೇ ಗುರುತಿಸಿದ್ದರು. ಹೊಲ, ತೋಟದ ಬಿಸಿಲಿಗೆ ಹೋಗುವ ದಿನ ನಿಂಬೆ, ಕಿತ್ತಳೆ ಪರಿಮಳದ ಎಣ್ಣೆಯನ್ನು ಮೈಗೆ ಹಚ್ಚದೆ ಅಂಗಿಯ ಒಳಮಡಿಕೆಗೆ ಹಚ್ಚಿಕೊಳ್ಳಿ.

ಹಳೆಯ ಶೀಶೆಯ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಲಿಮೊನೀನ್, ಲಿನಲೂಲ್ ತಾಜಾ ಇದ್ದಾಗ ಅಷ್ಟೇನೂ ಉಪದ್ರವಕಾರಿಗಳಲ್ಲ. ಗಾಳಿ ತಾಗಿ ಆಮ್ಲಜನಕದೊಡನೆ ಕೂಡಿದ ಮೇಲೆ ಅವು ಪ್ರಬಲ ಅಲರ್ಜಿಕಾರಕಗಳಾಗುತ್ತವೆ. ಆದ್ದರಿಂದ ಸಣ್ಣ ಶೀಶೆ ಕೊಳ್ಳಿ, ಬಿರಡೆ ಬಿಗಿಯಾಗಿ ಹಾಕಿ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ಮದುವೆಯಲ್ಲಿ ಕೊಂಡದ್ದನ್ನು ಮಗನ ಮದುವೆಗೆ ತೆಗೆಯುವುದು ಬೇಡ. ಹೊಸ ಅತ್ತರನ್ನು ಮೊಣಕೈಯ ಒಳಬದಿಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಬಾರಿಯಂತೆ ಒಂದೆರಡು ವಾರ ಹಚ್ಚಿ ನೋಡಬಹುದು, ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ತಿಕ್ಕುತ್ತಾ ಅತ್ತರನ್ನೂ ಹಚ್ಚುತ್ತಿದ್ದರೆ ಚರ್ಮ ತೆಳ್ಳಗಾಗುತ್ತದೆಯೇ ಹೊರತು ಕಾಯಿಲೆ ಹೋಗುವುದಿಲ್ಲ. ಯಾವುದು ಒಗ್ಗದು ಎಂದು ತಿಳಿಯಲು ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡುತ್ತಾರೆ. ಆಸ್ತಮಾ ಇರುವವರ ಪಕ್ಕ ಮಲಗುವವರು ಅತ್ತರನ್ನು ಕೈಬಿಡುವುದೇ ಮೇಲು.

ಅತ್ತರಿನಲ್ಲಿ ಅದ್ದಿದ ಹತ್ತಿಯ ಉಂಡೆಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವ ಹಳೆಯ ಪದ್ಧತಿ ಚೆಂದವೇ. ಚರ್ಮಕ್ಕೆ ನೇರ ತಾಗುವುದು ಕಡಿಮೆ, ಪರಿಮಳ ನಿಧಾನವಾಗಿ ಬರುತ್ತದೆ. ಆದರೆ ಉಂಡೆ ಕಡಲೆಕಾಳಿಗಿಂತ ದೊಡ್ಡದಿರಲಿ, ರಾತ್ರಿ ಮಲಗುವಾಗ ತೆಗೆದಿಡಿ. ಕಿವಿಯೊಳಗೆ ಜಾರಿದ ಹತ್ತಿಯನ್ನು ಪಿನ್ನಿನಿಂದ ಕೆದಕಿಕೊಂಡು ಬರುವವರು ಇಂದಿಗೂ ಇದ್ದಾರೆ.

ಕೂಸಿನ ಬಟ್ಟೆಗಾಗಲಿ ನೆತ್ತಿಗಾಗಲಿ ಅತ್ತರು ಬೇಡ. ಬಣ್ಣದ ಪುಟ್ಟ ಶೀಶೆಗಳು ಮಕ್ಕಳ ಕಣ್ಣಿಗೆ ಔಷಧದ ಶೀಶೆಗಳಂತೆ, ಮಿಠಾಯಿಯಂತೆ ಕಾಣುತ್ತವೆ; ಕೈಗೆಟುಕದ ಕಡೆ ಇಡಿ. ಮಗು ಕುಡಿದೇಬಿಟ್ಟರೆ ಗಂಟಲಿಗೆ ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆತನ್ನಿ. ಬರುವಾಗ ಶೀಶೆಯನ್ನೂ ತನ್ನಿ.