ಬರೀ ‘ನ್ಯುಮೋನಿಯಾ’ ಅಂದರೆ ಸಾಕಾ?

ಮಕ್ಕಳೇ, ಒಬ್ಬರಿಗೆ ಜ್ವರ, ಕೆಮ್ಮು, ಏದುಸಿರು. ಎಕ್ಸ್‌-ರೇ ನೋಡಿ ಡಾಕ್ಟರು ‘ನ್ಯುಮೋನಿಯಾ’ ಅಂತಾರೆ. ಅಲ್ಲಿಗೆ ಕಾರಣ ಗೊತ್ತಾಯ್ತಾ? ಇಲ್ಲ. ನ್ಯುಮೋನಿಯಾ ಅಂದರೆ ಶ್ವಾಸಕೋಶದ ಸೋಂಕು. ಅದನ್ನು ತರುವ ಬ್ಯಾಕ್ಟೀರಿಯಾ, ವೈರಸ್‌ಗಳು ಹಲವು. ಯಾವುದೆಂದು ಹುಡುಕುವುದು ಏಕೆ ಮುಖ್ಯ? ಒಂದು ನಿಜ ಘಟನೆ ಕೇಳಿ.

1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮ್ಮೇಳನ ನಡೆಯಿತು. ಊರಿಗೆ ಮರಳಿದವರು ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ಹೋಟೆಲಿನ ಹತ್ತಿರ ಓಡಾಡಿದ ಕೆಲವರಿಗೂ ಬಂತು. ಒಟ್ಟು 221 ಜನರಿಗೆ ಕಾಯಿಲೆ, 34 ಸಾವು. ‘ಇವರೆಲ್ಲ ಎಲ್ಲಿಗೆ ಹೋಗಿದ್ದರು?’ ಎಂದು ವಿಚಾರಿಸಿದಾಗ ಉತ್ತರ ಆ ಹೋಟೆಲನ್ನೇ ತೋರಿಸಿತು. ಆದರೆ ರೋಗಾಣು ಮಾತ್ರ ಸಿಗಲಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಮೊದಲ ಪರೀಕ್ಷೆಯಲ್ಲೇ ಕೋಲಿನಾಕಾರದ ಕೆಲವು ಬ್ಯಾಕ್ಟೀರಿಯಾ ಕಂಡಿದ್ದರು. ಮುಖ್ಯವಲ್ಲ ಎಂದು ಬಿಟ್ಟಿದ್ದರು. ಡಿಸೆಂಬರ್ ಕೊನೆಯಲ್ಲಿ ಅದೇ ಸ್ಲೈಡುಗಳನ್ನು ಮತ್ತೆ ನೋಡಿದರು. ಆ ಬ್ಯಾಕ್ಟೀರಿಯಾವನ್ನು ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ ಬೆಳೆಸಿದರು. ರೋಗಿಗಳ ರಕ್ತದಲ್ಲಿದ್ದ ಪ್ರತಿಕಾಯಗಳು ಅದಕ್ಕೇ ಅಂಟಿಕೊಂಡವು. ಕಳ್ಳ ಸಿಕ್ಕಿಬಿದ್ದ! ಅದಕ್ಕೆ ಲೀಜಿಯೊನೆಲ್ಲಾ ಎಂದು ಹೆಸರಾಯಿತು. 1965ರಲ್ಲಿ ವಾಷಿಂಗ್ಟನ್‌ನ ಆಸ್ಪತ್ರೆಯೊಂದರಲ್ಲಿ ಕಾಣಿಸಿಕೊಂಡು, ಕಾರಣ ತಿಳಿಯದೇ ಉಳಿದಿದ್ದ ನ್ಯುಮೋನಿಯಾದ ರಕ್ತದ ಮಾದರಿಗಳನ್ನು ತೆಗೆದು ನೋಡಿದರೆ, ಅದೂ ಇದೇ! ರೋಗ ಹೊಸದಲ್ಲ, ಗುರುತು ಸಿಕ್ಕಿದ್ದು ಹೊಸದು.

ಲೀಜಿಯೊನೆಲ್ಲಾ ನೀರಿನ ಜೀವಿ. ಬೆಚ್ಚಗಿನ ನೀರಲ್ಲಿ ಚೆನ್ನಾಗಿ ಬೆಳೆಯುತ್ತೆ. ದೊಡ್ಡ ಕಟ್ಟಡಗಳ ಎ.ಸಿ.ಗಾಗಿ ನೀರು ತಣಿಸುವ ಕೂಲಿಂಗ್ ಟವರ್, ಶವರ್ ಇವುಗಳಿಂದ ಏಳುವ ಸಣ್ಣ ಹನಿಗಳ ಜತೆ ಶ್ವಾಸಕೋಶ ಸೇರುತ್ತೆ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಾಗಾಗಿ ಒಂದೇ ಕಡೆ ಇಬ್ಬರು ಮೂವರಿಗೆ ಬಂದರೆ, ಅಲ್ಲಿನ ನೀರನ್ನೇ ಮೊದಲು ಅನುಮಾನಿಸಬೇಕು.

ಪತ್ತೆ ಹೇಗೆ? ಮೂತ್ರ ಪರೀಕ್ಷೆ ಬೇಗ ಉತ್ತರ ಕೊಡುತ್ತೆ. ಆದರೆ ಅದು ಹಿಡಿಯುವುದು ಮುಖ್ಯವಾಗಿ ಒಂದು ಬಗೆಯನ್ನು ಮಾತ್ರ. ರೋಗಿಯ ಕಫದಿಂದ ಬ್ಯಾಕ್ಟೀರಿಯಾ ಬೆಳೆಸಿದರೆ, ನೀರಲ್ಲಿ ಸಿಕ್ಕಿದ್ದರ ಡಿಎನ್‌ಎ ಜತೆ ಹೋಲಿಸಬಹುದು. ಎರಡೂ ಹೊಂದಿದರೆ ಆ ನೀರೇ ಮೂಲ ಎನ್ನಲು ಬಲವಾದ ಸಾಕ್ಷಿ. ಕೂಡಲೇ ಅದನ್ನು ಶುಚಿಗೊಳಿಸಿದರೆ ಮುಂದಿನವರು ಉಳಿದಾರು. ರೋಗಿಗೂ ಲಾಭವಿದೆ: ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ, ಅಜಿತ್ರೊಮೈಸಿನ್‌ನಂಥ ಔಷಧ ಬೇಕು.

ನಾಳೆ ಲ್ಯಾಬ್‌ನಲ್ಲಿ ಪುಸ್ತಕದಲ್ಲಿಲ್ಲದ್ದೇನಾದರೂ ನಿಮಗೆ ಕಂಡರೆ, ರೆಕಾರ್ಡಿನಿಂದ ಅಳಿಸಬೇಡಿ. ಬರೆದಿಡಿ, ಇನ್ನೊಮ್ಮೆ ನೋಡಿ. ಮೆಕ್‌ಡೇಡ್ ಮಾಡಿದ್ದೂ ಅದನ್ನೇ ಅಲ್ವಾ?