ಮೂಗಿನೊಳಗಿನ ದೀಪ

ವೈದ್ಯಶಾಸ್ತ್ರವನ್ನು ಕುರಿತು ಬರೆಯಲು ಬಿ.ಎ. ತರಗತಿಯ ವಿದ್ಯಾರ್ಥಿಗೆ ಏನು ಅಧಿಕಾರವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನನ್ನ ಉತ್ತರ ಇಷ್ಟೆ: ನಮ್ಮ ಮನೆಯಲ್ಲಿ ಇಂಗ್ಲಿಷ್ ಚೀಟಿ ಓದಬಲ್ಲವನು ನಾನೊಬ್ಬನೇ.

2021ರ ಮೇ ತಿಂಗಳು. ನಾನಾಗ ಹತ್ತನೆಯ ತರಗತಿ. ಹಲಸೂರಿನಲ್ಲಿ ಆಟೋ ಓಡಿಸುವ ನನ್ನ ಸೋದರಮಾವ ಕೋವಿಡ್ ಕಾಯಿಲೆಯಿಂದ ಚೇತರಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದರು. ಅವರ ಡಿಸ್ಚಾರ್ಜ್ ಚೀಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದವನು ನಾನೇ. ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಔಷಧದ ಹೆಸರಿತ್ತು. ರಕ್ತದ ಸಕ್ಕರೆಯನ್ನು ಆಗಾಗ ನೋಡಿಕೊಳ್ಳಬೇಕೆಂಬ ಸಾಲೂ ಇತ್ತು. ಓದಿದೆ, ಮಡಿಚಿ ಇಟ್ಟೆ. ಮಾವನವರಿಗೆ ಸಕ್ಕರೆ ಕಾಯಿಲೆಯಿದ್ದದ್ದು ಎಲ್ಲರಿಗೂ ತಿಳಿದೇ ಇತ್ತು. ಆದರೆ ಇವೆರಡನ್ನೂ ಜೋಡಿಸಿ ನೋಡುವಷ್ಟು ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ವಾರ ಕಳೆಯುವುದರೊಳಗೆ ಅವರ ಮೇಲ್ದವಡೆ ನೋಯತೊಡಗಿತು. ನಮ್ಮ ತಾಯಿ ಹಲ್ಲಿಗೆ ಲವಂಗ ಇಟ್ಟರು. ಕೆನ್ನೆ ಜೋಮು ಹಿಡಿಯಿತು. ಹೀಗೆ ಐದು ದಿನ ಕಳೆದುಕೊಂಡೆವು. ಕೊನೆಗೆ ಹಲ್ಲಿನ ವೈದ್ಯರೊಬ್ಬರು ಅಂಗುಳಕ್ಕೆ ಬೆಳಕು ಬಿಟ್ಟು ನೋಡಿ, ಹಲ್ಲನ್ನು ಮುಟ್ಟದೆ, ಆ ಕ್ಷಣವೇ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಓಡಿಸಿದರು.

ಪತ್ರಿಕೆಗಳು ಈ ರೋಗವನ್ನು ‘ಕಪ್ಪು ಶಿಲೀಂಧ್ರ’ವೆಂದು ಕರೆದವು. ಆ ಹೆಸರು ದಾರಿ ತಪ್ಪಿಸುವಂಥದು. ವೈದ್ಯರು ಮ್ಯೂಕರ್‌ಮೈಕೋಸಿಸ್ ಎನ್ನುವ ಈ ರೋಗಕ್ಕೆ ಕಾರಣವಾದ ಬೂಷ್ಟು ಮಣ್ಣಿನಲ್ಲಿ, ತಿಪ್ಪೆಯಲ್ಲಿ, ಹಳಸಿದ ಬ್ರೆಡ್ಡಿನ ಮೇಲೆ ಎಲ್ಲೆಲ್ಲೂ ಇರುವುದೇ. ಅದರ ಬೀಜಕಣಗಳನ್ನು ನಾವೆಲ್ಲರೂ ದಿನವೂ ಉಸಿರಿನೊಡನೆ ಒಳಕ್ಕೆಳೆದುಕೊಳ್ಳುತ್ತೇವೆ. ಆರೋಗ್ಯವಂತರ ಬಿಳಿಯ ರಕ್ತಕಣಗಳು ಅವನ್ನು ನಾಶಮಾಡಿಬಿಡುತ್ತವೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಈ ಕಾವಲುಗಾರರು ತೂಕಡಿಸುತ್ತಾರೆ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಔಷಧ ಅವರನ್ನು ಇನ್ನಷ್ಟು ಮಂಕಾಗಿಸುವುದಲ್ಲದೆ ಸಕ್ಕರೆಯನ್ನೂ ಏರಿಸುತ್ತದೆ. ಹಾಗೆಂದು ಆ ಔಷಧವನ್ನು ಶಪಿಸುವುದು ಸರಿಯಲ್ಲ. ಆಮ್ಲಜನಕದ ನೆರವು ಬೇಕಾದ ಕೋವಿಡ್ ರೋಗಿಗಳಲ್ಲಿ ಅದು ಸಾವನ್ನು ತಗ್ಗಿಸುತ್ತದೆಂದು 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪರೀಕ್ಷೆ ತೋರಿಸಿಕೊಟ್ಟಿತ್ತು. ಅದನ್ನು ಕೊಟ್ಟ ಮೇಲೆ ಸಕ್ಕರೆಯ ಮೇಲೆ ಕಣ್ಣಿಡದಿದ್ದರೆ ಮಾತ್ರ ಕಷ್ಟ.

ಬೇರೂರಿದ ಬೂಷ್ಟು ರಕ್ತನಾಳದ ಗೋಡೆಯನ್ನು ಕೊರೆದು ಒಳಹೊಗುತ್ತದೆ. ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ರಕ್ತ ಸಿಗದ ಮಾಂಸ ಮತ್ತು ಎಲುಬು ಸಾಯುತ್ತವೆ. ಕಪ್ಪು ಬಣ್ಣ ಆ ಸತ್ತ ಮಾಂಸದ್ದು, ಬೂಷ್ಟಿನದಲ್ಲ. ವೈದ್ಯರ ಕಷ್ಟವೆಲ್ಲ ಇರುವುದು ಇಲ್ಲಿಯೇ. ಔಷಧವು ರಕ್ತದ ಮೂಲಕ ತಲುಪಬೇಕು. ರಕ್ತವೇ ಹರಿಯದ ಜಾಗವನ್ನು ಅದು ಸೇರುವುದೆಂತು? ಆದುದರಿಂದ ಸತ್ತ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ಆ ಜಾಗವಾದರೋ ಎಂಥದು! ಮೂಗಿನ ಸುತ್ತಲ ಎಲುಬುಗಳೊಳಗೆ ಸೈನಸ್ ಎಂಬ ಗಾಳಿ ತುಂಬಿದ ಪೊಳ್ಳುಗಳಿವೆ. ಅವುಗಳ ಪಕ್ಕಕ್ಕೆ ಕಣ್ಣು, ಮೇಲಕ್ಕೆ ಮಿದುಳು. ಕಣ್ಣಿಗೂ ಮೂಗಿಗೂ ನಡುವಣ ಎಲುಬು ಎಷ್ಟು ತೆಳುವೆಂದರೆ, ಅದಕ್ಕೆ ಅಂಗರಚನಾಶಾಸ್ತ್ರದವರು ಕಾಗದದ ಹೆಸರನ್ನೇ ಇಟ್ಟಿದ್ದಾರೆ.

ನೂರು ವರ್ಷಗಳ ಹಿಂದೆ ಕೆನ್ನೆಯೊಳಗಿನ ಸೈನಸ್ಸನ್ನು ತಲುಪಲು ಮೇಲ್ದುಟಿಯ ಕೆಳಗೆ ಕೊಯ್ದು ಎಲುಬನ್ನು ಒಡೆಯುತ್ತಿದ್ದರು. 1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲೂಕ್ ವಿವರಿಸಿದ ಆ ಕ್ರಮವೇ ಬಹುಕಾಲ ನಡೆಯಿತು. ಇದನ್ನು ಬದಲಿಸಿದ್ದು ವೈದ್ಯರಲ್ಲದ ಒಬ್ಬ ಭೌತಶಾಸ್ತ್ರಜ್ಞ. ಹಳೆಯ ಒಳದರ್ಶಕ ಕೊಳವೆಗಳಲ್ಲಿ ಉದ್ದಕ್ಕೂ ಗಾಳಿಯಿದ್ದು, ಅಲ್ಲಲ್ಲಿ ಸಣ್ಣ ಗಾಜಿನ ಮಸೂರಗಳಿರುತ್ತಿದ್ದವು, ಚಿತ್ರ ಮಸುಕಾಗಿತ್ತು. ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ 1959ರ ಸುಮಾರಿಗೆ ಇದನ್ನು ತಿರುಗುಮುರುಗು ಮಾಡಿದರು: ಕೊಳವೆಯ ತುಂಬ ಉದ್ದನೆಯ ಗಾಜಿನ ಕಡ್ಡಿಗಳು, ಅವುಗಳ ನಡುವೆ ಮಾತ್ರ ಸ್ವಲ್ಪ ಗಾಳಿ. ಹಾದುಬರುವ ಬೆಳಕು ಹಲವು ಪಟ್ಟು ಹೆಚ್ಚಿತು. ಇಷ್ಟು ಸರಳವಾದ ಯೋಚನೆ ಅಲ್ಲಿಯವರೆಗೆ ಯಾರಿಗೂ ಹೊಳೆಯದಿದ್ದುದು ನನಗೆ ಇಂದಿಗೂ ಸೋಜಿಗ. ಮೂಗಿಗೆ ಇಳಿಸುವ ಇಂದಿನ ಎಂಡೋಸ್ಕೋಪಿನ ದಪ್ಪ 4 ಮಿಲಿಮೀಟರ್. ಕೆಲವಕ್ಕೆ ತುದಿಯಲ್ಲಿ ಓರೆನೋಟ. ಮೂಲೆಯ ಆಚೆಗೂ ಇಣುಕಿ ನೋಡಬಹುದು.

ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯರು ಈ ಕೊಳವೆ ಹಿಡಿದು ಸಿಂಬಳದ ನಡೆಯನ್ನು ಅಭ್ಯಾಸಮಾಡಿದರು. (ನಗುವವರು ನಗಲಿ!) ಸೈನಸ್ಸಿನ ಒಳಪದರದ ಸೂಕ್ಷ್ಮ ರೋಮಗಳು ಸಿಂಬಳವನ್ನು ಯಾವಾಗಲೂ ಸ್ವಾಭಾವಿಕವಾದ ಬಾಗಿಲಿನ ಕಡೆಗೇ ತಳ್ಳುತ್ತವೆ, ನಾವು ಬೇರೆಡೆ ತೂತು ಕೊರೆದರೂ ಅವು ಅದನ್ನು ಲೆಕ್ಕಿಸುವುದಿಲ್ಲ. ಹಾಗಾದರೆ ಗೋಡೆ ಒಡೆಯುವುದೇಕೆ, ಬಾಗಿಲನ್ನೇ ಬಿಡಿಸಿದರೆ ಸಾಕಲ್ಲವೆ? ಈ ವಿಚಾರ 1980ರ ದಶಕದಲ್ಲಿ ಲೋಕವೆಲ್ಲ ಹರಡಿತು. ಈಗ ಅದೇ ದಾರಿಯಿಂದ ಮಿದುಳಿನ ತಳದ ಪಿಟ್ಯೂಟರಿ ಗಡ್ಡೆಯನ್ನೂ ತೆಗೆಯುತ್ತಾರೆ. ಕಿವಿಯ ಕಥೆಗೆ ಬೇರೆಯೇ ಲೇಖನ ಬೇಕು. ಒಂದು ಜೀನಿನ ದೋಷದಿಂದ ಹುಟ್ಟುಕಿವುಡಾಗಿದ್ದ ಆರು ಮಕ್ಕಳಿಗೆ ಶಾಂಘೈಯಲ್ಲಿ ಆ ಜೀನನ್ನೇ ಕಿವಿಯೊಳಕ್ಕೆ ಕೊಟ್ಟು, ಐವರಿಗೆ ಕೇಳುವಂತಾಯಿತೆಂದು 2024ರ ಜನವರಿಯಲ್ಲಿ ವರದಿಯಾಯಿತೆಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ನಮ್ಮ ಶಿವಾಜಿನಗರಕ್ಕೆ ಬರೋಣ. 1860ರ ದಶಕದಲ್ಲಿ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು ಹೊತ್ತ ಆಸ್ಪತ್ರೆಯನ್ನು 2021ರ ಮೇ ತಿಂಗಳಲ್ಲಿ ಸರ್ಕಾರವು ಈ ರೋಗದ ಚಿಕಿತ್ಸೆಗೆಂದು ಗೊತ್ತುಪಡಿಸಿತು. ಜುಲೈ ಮಧ್ಯದ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಈ ರೋಗ ತಗುಲಿತ್ತು. ಆಂಫೊಟೆರಿಸಿನ್-ಬಿ ಎಂಬ ಔಷಧಕ್ಕೆ ಎಲ್ಲೆಡೆ ಅಭಾವ. ಅದು ಮೂತ್ರಪಿಂಡಕ್ಕೆ ಪೆಟ್ಟುಕೊಡುವ ಔಷಧ; ಕೊಬ್ಬಿನ ಸೂಕ್ಷ್ಮ ಕೋಶಗಳಲ್ಲಿ ಹುದುಗಿಸಿ ತಯಾರಿಸಿದ ರೂಪ ಅಷ್ಟು ಕೆಡುಕಲ್ಲ, ಆದರೆ ಬೆಲೆ ಬಹಳ.

ನಮ್ಮ ಮಾವನವರಿಗೆ ನಗರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಮೂಗಿನಿಂದ ಚೂರು ತೆಗೆದು, ಪೊಟಾಸಿಯಂ ಹೈಡ್ರಾಕ್ಸೈಡಿನ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ದಿನ ರೋಗವನ್ನು ಗುರುತಿಸಿದರು. ಎರಡು ಸಲ ಎಂಡೋಸ್ಕೋಪಿನಿಂದ ಶಸ್ತ್ರಚಿಕಿತ್ಸೆ ನಡೆಯಿತು. ರಕ್ತ ಜಿನುಗುವ ಜೀವಂತ ಭಾಗ ಸಿಗುವವರೆಗೂ ಸತ್ತದ್ದನ್ನು ತೆಗೆಯುತ್ತಾ ಹೋಗಬೇಕಂತೆ. ಕಣ್ಣು ಉಳಿಯಿತು. ಅಂಗುಳದ ಬಲಭಾಗ ಹೋಯಿತು. ಆ ಐದು ದಿನ ಉಳಿದಿದ್ದರೆ ಅದೂ ಉಳಿಯುತ್ತಿತ್ತೇ? ವೈದ್ಯರನ್ನು ಕೇಳುವ ಧೈರ್ಯ ನನಗೆ ಬಂದಿಲ್ಲ. ಅಂಗುಳದ ತೂತನ್ನು ಮುಚ್ಚಲು ಹಲ್ಲಿನ ಸೆಟ್ಟಿನಂಥ ಪ್ಲೇಟೊಂದನ್ನು ಮಾಡಿಕೊಟ್ಟಿದ್ದಾರೆ. ಅದನ್ನು ತೆಗೆದರೆ ಅವರ ಮಾತೆಲ್ಲ ಮೂಗಿನಲ್ಲೇ ಹೋಗುತ್ತದೆ. ಕುಡಿದ ನೀರೂ ಹಾಗೆಯೇ.

ಹೋದ ವರ್ಷ ತಪಾಸಣೆಗೆ ಅವರೊಡನೆ ನಾನೂ ಹೋಗಿದ್ದೆ. ವೈದ್ಯರು ಕೊಳವೆಯನ್ನು ಮೂಗಿಗೆ ಇಳಿಸಿದರು. ಪಕ್ಕದ ಪರದೆಯ ಮೇಲೆ ಒಂದು ದೊಡ್ಡ ಗುಹೆ ಕಾಣಿಸಿತು, ಗೋಡೆಯೆಲ್ಲ ಗುಲಾಬಿ ಬಣ್ಣ. ಕಪ್ಪು ಎಲ್ಲಿಯೂ ಇರಲಿಲ್ಲ. ಕುರ್ಚಿಗೆ ತಲೆಯಾನಿಸಿ ಕುಳಿತಿದ್ದ ಮಾವನವರಿಗೆ ಪರದೆ ಕಾಣುತ್ತಿರಲಿಲ್ಲ.

“ಏನೋ, ಏನು ಕಾಣಿಸ್ತಿದೆ?” ಎಂದು ಕೇಳಿದರು.

“ಎಲ್ಲಾ ಕೆಂಪಗೆ ಚೆನ್ನಾಗಿದೆ ಮಾಮ” ಎಂದೆ. ಈ ಸಲ ವೈದ್ಯರು ಕೊಟ್ಟ ಚೀಟಿಯನ್ನು ಅಲ್ಲಿಯೇ ನಿಂತು, ಒಂದೊಂದು ಪದದ ಅರ್ಥವನ್ನೂ ಅವರಿಂದಲೇ ಕೇಳಿಕೊಂಡು ಬಂದೆ.