ತಾನಾಗಿ ಬರುವ ಪೌರತ್ವ, ಕೇಳಿ ಪಡೆಯಬೇಕಾದ ಪುರಾವೆ

ಅಮೆರಿಕದಲ್ಲಿ ಬೇರೆ ದೇಶದವರು ಪೌರತ್ವ ಪಡೆಯುವ ದಿನ ಒಂದು ಸಮಾರಂಭ ನಡೆಯುತ್ತದೆ. ಬಲಗೈ ಎತ್ತಿ ಪ್ರಮಾಣವಚನ ಸ್ವೀಕರಿಸಿದವರ ಕೈಗೆ ಪ್ರಮಾಣಪತ್ರ ಬರುತ್ತದೆ. ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತ ಹತ್ತು ವರ್ಷದ ಮಗಳೂ ಆ ಕ್ಷಣದಲ್ಲೇ ಅಮೆರಿಕದ ಪ್ರಜೆಯಾಗಿರುತ್ತಾಳೆ. ಆದರೆ ಅವಳ ಹೆಸರನ್ನು ಯಾರೂ ಕರೆಯುವುದಿಲ್ಲ, ಅವಳ ಕೈಗೆ ಯಾವ ಕಾಗದವೂ ಬರುವುದಿಲ್ಲ. ಸರ್ಕಾರದ ದಾಖಲೆಯಲ್ಲಿ ಅವಳು ಮರುದಿನವೂ ಗ್ರೀನ್ ಕಾರ್ಡ್ ಹೊಂದಿದ ಕಾಯಂ ನಿವಾಸಿಯೇ.

ಈ ಅಂತರವೇ ಈ ಬರಹದ ವಸ್ತು. ಕಾನೂನು ಕೊಟ್ಟ ಸ್ಥಾನಮಾನ ಒಂದು, ಅದು ತನಗಿದೆಯೆಂದು ತೋರಿಸುವ ಸಾಮರ್ಥ್ಯ ಇನ್ನೊಂದು. ಇವೆರಡರ ನಡುವೆ ಕೆಲವು ತಿಂಗಳ ಅಂತರವಿರಬಹುದು, ಎಚ್ಚರ ತಪ್ಪಿದರೆ ಕೆಲವು ದಶಕಗಳದ್ದೂ ಇರಬಹುದು. ಉದ್ಯೋಗಕ್ಕೆಂದು ಅಮೆರಿಕಕ್ಕೆ ಹೋಗಿ ನೆಲೆಸಿದ ಸಾವಿರಾರು ಕನ್ನಡ ಕುಟುಂಬಗಳಿಗೆ ಇದು ಮನೆಯ ವಿಷಯ.

2000ದ ಅಕ್ಟೋಬರ್ 30ರಂದು ಸಹಿಯಾಗಿ 2001ರ ಫೆಬ್ರುವರಿ 27ರಿಂದ ಜಾರಿಗೆ ಬಂದ ಮಕ್ಕಳ ಪೌರತ್ವ ಕಾಯ್ದೆ ಇದಕ್ಕೆ ಆಧಾರ. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಮಗುವಿಗೆ 18 ತುಂಬಿರಬಾರದು. ಮಗು ಗ್ರೀನ್ ಕಾರ್ಡ್ ಪಡೆದು ಅಮೆರಿಕದಲ್ಲಿ ವಾಸವಾಗಿರಬೇಕು, ಪ್ರಜೆಯಾದ ಆ ಪೋಷಕರ ಸುಪರ್ದಿಯಲ್ಲಿರಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಮುಖ್ಯವಲ್ಲ. ಇವೆಲ್ಲ ಒಟ್ಟಿಗೆ ಕೂಡಿ ಬಂದ ಮೊದಲ ಕ್ಷಣದಲ್ಲೇ ಮಗು ಪ್ರಜೆಯಾಗುತ್ತದೆ. ಅರ್ಜಿ ಬೇಡ, ಪರೀಕ್ಷೆ ಬೇಡ, ಯಾವ ಅಧಿಕಾರಿಯ ಒಪ್ಪಿಗೆಯೂ ಬೇಡ.

ನೀರು ನೂರು ಡಿಗ್ರಿ ತಲುಪಿದಾಗ ಕುದಿಯುವುದಕ್ಕೆ ಯಾರ ಆದೇಶವೂ ಬೇಕಿಲ್ಲವಲ್ಲ, ಹಾಗೆ. ಆದ್ದರಿಂದಲೇ ಪುರಾವೆಯ ಕೆಲಸ ಇಲ್ಲಿ ವಿಚಿತ್ರ ಸ್ವರೂಪದ್ದು. ಪೌರತ್ವ ಕೊಡಿ ಎಂದು ಇಲ್ಲಿ ಕೇಳುತ್ತಿಲ್ಲ. ಹಿಂದೆ ಯಾವುದೋ ಒಂದು ದಿನ ಷರತ್ತುಗಳೆಲ್ಲ ಏಕಕಾಲಕ್ಕೆ ನಿಜವಾಗಿದ್ದವು ಎಂದು ಸಾಕ್ಷ್ಯದಿಂದ ಸ್ಥಾಪಿಸುತ್ತಿದ್ದೇವೆ. ಪೌರತ್ವ ಪ್ರಮಾಣಪತ್ರದ ಮೇಲೆ ಅದನ್ನು ಮುದ್ರಿಸಿಕೊಟ್ಟ ದಿನದ ಜೊತೆಗೆ, ಆ ವ್ಯಕ್ತಿ ಪ್ರಜೆಯಾದ ದಿನವನ್ನೂ ನಮೂದಿಸುವುದು ಇದೇ ಕಾರಣಕ್ಕೆ. ಎರಡರ ನಡುವೆ ಇಪ್ಪತ್ತು ವರ್ಷ ಕಳೆದಿದ್ದರೂ ಆಶ್ಚರ್ಯವಿಲ್ಲ.

2001ಕ್ಕೆ ಮೊದಲು ನಿಯಮ ಬಿಗಿಯಾಗಿತ್ತು. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರೂ ಪೌರತ್ವ ಪಡೆದಿರಬೇಕಿತ್ತು. ಒಬ್ಬರು ತೀರಿಕೊಂಡಿದ್ದರೆ ಅಥವಾ ಕಾನೂನುಬದ್ಧವಾಗಿ ಬೇರೆಯಾಗಿದ್ದರೆ ವಿನಾಯಿತಿ ಇತ್ತು. ಹೊಸ ಕಾಯ್ದೆ ಬಂದ ದಿನಕ್ಕೆ 18 ತುಂಬಿದ್ದವರಿಗೆ ಅದರ ಲಾಭ ಸಿಗಲಿಲ್ಲ, ಅವರನ್ನು ಇಂದಿಗೂ ಹಳೆಯ ನಿಯಮದಿಂದಲೇ ಅಳೆಯುತ್ತಾರೆ. ವಿದೇಶದಿಂದ ದತ್ತು ಬಂದು ಅಮೆರಿಕದಲ್ಲೇ ಬೆಳೆದ ಅನೇಕರು ಈ ಗೆರೆಯ ಆಚೆ ಉಳಿದು, ತಾವು ಪ್ರಜೆಗಳಲ್ಲವೆಂದು ನಡುವಯಸ್ಸಿನಲ್ಲಿ ತಿಳಿದುಕೊಂಡಿದ್ದಾರೆ. ಅದನ್ನು ಸರಿಪಡಿಸುವ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಹಲವು ಸಲ ಮಂಡನೆಯಾಗಿಯೂ ಕಾನೂನಾಗಿಲ್ಲ. ಇದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಭಾರತೀಯ ಕುಟುಂಬಗಳ ಮಟ್ಟಿಗೆ ದೊಡ್ಡ ಶತ್ರು ಹದಿನೆಂಟನೆಯ ಹುಟ್ಟುಹಬ್ಬ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಅದರಲ್ಲಿ ಶೇ 7ರ ಮಿತಿ, ಅಂದರೆ 9,800. ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಉದ್ದ ಬೆಳೆದಿರುವುದು ಇದರಿಂದ. ನಾಲ್ಕು ವರ್ಷದ ಮಗುವಿನೊಂದಿಗೆ ಹೋದವರು ಗ್ರೀನ್ ಕಾರ್ಡಿಗೆ ಹತ್ತು ವರ್ಷ ಕಾದರೆ ಮಗುವಿಗೆ 14. ಪೌರತ್ವದ ಅರ್ಜಿಗೆ ಬೇಕಾದ ಐದು ವರ್ಷ ಸೇರಿದರೆ 19. ಗೆರೆ ದಾಟಿ ಹೋಯಿತು. ಆ ಹುಡುಗ ಇನ್ನು ತಂದೆ ತಾಯಿಯ ಮೂಲಕ ಪ್ರಜೆಯಾಗಲಾರ, ತಾನೇ ಅರ್ಜಿ ಹಾಕಿ, ಪರೀಕ್ಷೆ ಬರೆದು, ಪ್ರಮಾಣವಚನ ಸ್ವೀಕರಿಸಬೇಕು. ಅಮೆರಿಕದಲ್ಲೇ ಹುಟ್ಟಿದ ಅವನ ತಂಗಿ ಹುಟ್ಟಿನಿಂದಲೇ ಪ್ರಜೆ. ಒಂದೇ ಊಟದ ಮೇಜಿನ ಸುತ್ತ ಎರಡು ಕಾನೂನು.

ಇಲ್ಲಿ ಇಬ್ಬರೂ ಪೋಷಕರು ತಿಳಿದಿರಬೇಕಾದ ಸಂಗತಿಯೊಂದಿದೆ. ವೀಸಾ ಸರದಿಯಲ್ಲಿ ಮಕ್ಕಳ ವಯಸ್ಸನ್ನು ಒಂದು ಹಂತದಲ್ಲಿ ತಡೆಹಿಡಿದು ಲೆಕ್ಕ ಹಾಕುವ ಪ್ರತ್ಯೇಕ ಕಾನೂನು ಇದೆ, ಆದರೆ ಅದು ಪೌರತ್ವದ ಲೆಕ್ಕಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ನಿಜವಾದ ವಯಸ್ಸೇ ವಯಸ್ಸು. ಪೋಷಕರ ಪೌರತ್ವ ಪೂರ್ಣವಾಗುವುದೂ ಸಂದರ್ಶನದಲ್ಲಿ ತೇರ್ಗಡೆಯಾದ ದಿನ ಅಲ್ಲ, ಪ್ರಮಾಣವಚನದ ದಿನ. ಮಗುವಿಗೆ ಹದಿನೇಳೂವರೆ ಆಗಿರುವಾಗ, ಊರಿನಲ್ಲಿ ಮದುವೆಯಿದೆ ಎಂದು ಪ್ರಮಾಣವಚನದ ದಿನವನ್ನು ಮುಂದೂಡಿಸಿಕೊಂಡರೆ ಮಗುವಿನ ಹಕ್ಕೇ ಕೈತಪ್ಪಬಹುದು.

ಇನ್ನು ಪುರಾವೆ. ಬೇಕಾಗುವ ಕಾಗದಗಳು ಒಂದೊಂದೂ ಒಂದೊಂದು ಷರತ್ತಿಗೆ ಉತ್ತರ. ಜನನ ಪ್ರಮಾಣಪತ್ರ ಮಗು ಯಾರದೆಂದೂ ಅದರ ವಯಸ್ಸೆಷ್ಟೆಂದೂ ಹೇಳುತ್ತದೆ. ಪೋಷಕರ ಪೌರತ್ವದ ಪತ್ರ, ಮಗುವಿನ ಗ್ರೀನ್ ಕಾರ್ಡ್, ಮದುವೆಯ ಪ್ರಮಾಣಪತ್ರ, ವಿಚ್ಛೇದನವಾಗಿದ್ದರೆ ಮಗು ಯಾರ ಸುಪರ್ದಿಯಲ್ಲಿ ಎಂದು ಹೇಳುವ ನ್ಯಾಯಾಲಯದ ಆದೇಶ, ಒಟ್ಟಿಗೆ ವಾಸವಿದ್ದುದಕ್ಕೆ ಶಾಲೆಯ ಅಥವಾ ಆಸ್ಪತ್ರೆಯ ದಾಖಲೆ. ಮಲಮಕ್ಕಳ ವಿಷಯದಲ್ಲಿ ಅನೇಕರು ಎಡವುತ್ತಾರೆ. ಗ್ರೀನ್ ಕಾರ್ಡಿಗೆ ಮಲತಂದೆಯ ಸಂಬಂಧ ಸಾಕು, ಆದರೆ ಅವರ ಮೂಲಕ ಪೌರತ್ವ ಬರಬೇಕಾದರೆ ಅವರು ಮಗುವನ್ನು ಕಾನೂನುಬದ್ಧವಾಗಿ ದತ್ತು ಪಡೆದಿರಲೇಬೇಕು.

ಕರ್ನಾಟಕದಲ್ಲಿ ಹುಟ್ಟಿದ ಮಕ್ಕಳಿಗೆ ತೊಡಕು ಮೊದಲ ಕಾಗದದಲ್ಲೇ ಶುರುವಾಗಬಹುದು. ಹೆರಿಗೆಯಾದ 21 ದಿನದೊಳಗೆ ಜನನ ನೋಂದಣಿಯಾಗಬೇಕು. ಆಸ್ಪತ್ರೆಯವರು ಮಾಹಿತಿ ಕಳಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ನಾಮಕರಣವೇ ಆಗಿರುವುದಿಲ್ಲ. ಹಾಗಾಗಿ ಮಗುವಿನ ಹೆಸರಿನ ಜಾಗ ಖಾಲಿ ಉಳಿದ ಪ್ರಮಾಣಪತ್ರಗಳು ನಮ್ಮಲ್ಲಿ ಸಾಮಾನ್ಯ. ನೋಂದಣಿಯಾದ 15 ವರ್ಷದೊಳಗೆ ಹೆಸರು ಸೇರಿಸಲು ಅವಕಾಶವಿದೆ. ಅಷ್ಟರಲ್ಲಿ ಕುಟುಂಬ ಕ್ಯಾಲಿಫೋರ್ನಿಯಾಕ್ಕೋ ಟೆಕ್ಸಾಸ್‌ಗೋ ಹೋಗಿ ನೆಲೆಸಿರುತ್ತದೆ, ಊರಿನ ನೋಂದಣಿ ಕಚೇರಿಗೆ ಓಡಾಡಲು ಅಜ್ಜನೋ ಚಿಕ್ಕಪ್ಪನೋ ಬೇಕಾಗುತ್ತದೆ.

ಎರಡನೆಯದು ನಮ್ಮ ಹೆಸರಿನ ಕಟ್ಟು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಹೆಸರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ, ಕೊನೆಗೆ ತನ್ನ ಹೆಸರು. ಕುಲನಾಮವೇ ಇಲ್ಲ. ಅಮೆರಿಕದ ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದು, ಗ್ರೀನ್ ಕಾರ್ಡಿನಲ್ಲಿ ಹಿಂದುಮುಂದಾಗಿ, ಪೌರತ್ವ ಪಡೆಯುವಾಗ ಹೆಸರನ್ನೇ ಚಿಕ್ಕದು ಮಾಡಿಸಿಕೊಂಡ ತಂದೆ, ಮಗಳ ಜನನ ಪ್ರಮಾಣಪತ್ರದಲ್ಲಿ ಇನ್ನೂ ಎರಡು ಅಕ್ಷರ ಮತ್ತು ಒಂದು ಹೆಸರಾಗಿಯೇ ಉಳಿದಿರುತ್ತಾನೆ. ತಾಯಿಯ ಹೆಸರು ಒಂದು ಕಡೆ ತವರಿನದು, ಇನ್ನೊಂದು ಕಡೆ ಗಂಡನ ಮನೆಯದು. ನಮ್ಮ ಕಣ್ಣಿಗೆ ಇವರೆಲ್ಲ ಒಬ್ಬರೇ, ಕಡತ ನೋಡುವ ಅಧಿಕಾರಿಗೆ ಅದು ಸಾಬೀತಾಗಬೇಕಾದ ಸಂಗತಿ. ಹೆಸರು ಬದಲಾದ ಪ್ರತಿ ಹಂತದ ಕಾಗದವನ್ನೂ ಕಾಪಿಟ್ಟುಕೊಂಡವರಿಗೆ ಇಲ್ಲಿ ಕಷ್ಟವಿಲ್ಲ.

ಕಾಗದ ದುರ್ಬಲವಾದಾಗ ವಿಜ್ಞಾನದ ನೆರವು ಬರುತ್ತದೆ. ತಂದೆ ಮಗುವಿನ ಸಂಬಂಧಕ್ಕೆ ನಂಬತಕ್ಕ ದಾಖಲೆ ಇಲ್ಲದಿದ್ದರೆ ಅಮೆರಿಕದ ಅಧಿಕಾರಿಗಳು ಡಿಎನ್ಎ ಪರೀಕ್ಷೆಯನ್ನು ಸೂಚಿಸಬಹುದು. ಮಾನ್ಯತೆ ಪಡೆದ ಪ್ರಯೋಗಾಲಯ ಕೆನ್ನೆಯ ಒಳಪದರದಿಂದ ಹತ್ತಿಕಡ್ಡಿಯಲ್ಲಿ ತೆಗೆದ ಜೀವಕೋಶಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ನೇರವಾಗಿ ಅವರಿಗೇ ಕಳಿಸುತ್ತದೆ. ಅವರು ಬಯಸುವ ಮಟ್ಟ ಶೇ 99.5 ಅಥವಾ ಹೆಚ್ಚು. ಈ ಅಂಕಿ ಎಲ್ಲಿಂದ ಬರುತ್ತದೆ ಎಂಬುದು ಸೊಗಸಾದ ಲೆಕ್ಕ.

ನಮ್ಮ ಡಿಎನ್ಎಯ ಕೆಲವು ನಿರ್ದಿಷ್ಟ ಸ್ಥಾನಗಳಲ್ಲಿ ನಾಲ್ಕೈದು ಅಕ್ಷರಗಳ ಒಂದು ತುಣುಕು ಸಾಲಾಗಿ ಮರುಕಳಿಸುತ್ತದೆ. ಎಷ್ಟು ಸಲ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಪ್ರತಿ ಸ್ಥಾನದಲ್ಲೂ ಒಂದು ಪ್ರತಿ ತಾಯಿಯಿಂದ, ಒಂದು ತಂದೆಯಿಂದ. ತಾಯಿಯಲ್ಲಿ 12 ಮತ್ತು 14, ಮಗುವಿನಲ್ಲಿ 12 ಮತ್ತು 15 ಇದ್ದರೆ ಆ 15 ತಂದೆಯಿಂದಲೇ ಬಂದಿರಬೇಕು. ತಂದೆ ಎನ್ನಲಾದವರಲ್ಲಿ 15 ಮತ್ತು 17 ಇದೆ ಎನ್ನೋಣ. ಅವರು 15ನ್ನು ದಾಟಿಸುವ ಸಾಧ್ಯತೆ ಅರ್ಧ. ಜನಸಮುದಾಯದಲ್ಲಿ 15ರ ಪ್ರಮಾಣ ಹತ್ತರಲ್ಲೊಂದು ಎಂದಿಟ್ಟುಕೊಂಡರೆ, ಸಂಬಂಧವೇ ಇಲ್ಲದ ಯಾರೋ ಒಬ್ಬರು ಅದನ್ನು ದಾಟಿಸುವ ಸಾಧ್ಯತೆ ಹತ್ತನೆಯ ಒಂದು ಭಾಗ. ಅರ್ಧವನ್ನು ಹತ್ತನೆಯ ಒಂದರಿಂದ ಭಾಗಿಸಿದರೆ ಐದು. ಈ ಒಂದು ಸ್ಥಾನದ ಸಾಕ್ಷ್ಯ ತಂದೆಯ ಪರವಾಗಿ ಐದು ಪಟ್ಟು ತೂಗುತ್ತದೆ. ಇಂಥ ಐದು ಸ್ಥಾನಗಳು ಸೇರಿದರೆ ಐದನ್ನು ಐದು ಸಲ ಗುಣಿಸಬೇಕು, 3,125. ಮೊದಲಿಗೆ ಸಮಸಮ ಸಾಧ್ಯತೆ ಎಂದು ಹಿಡಿದರೆ ತಂದೆತನದ ಸಾಧ್ಯತೆ ಶೇ 99.97 ಆಗುತ್ತದೆ. ಶೇ 99.5ಕ್ಕೆ ಸುಮಾರು 200 ಪಟ್ಟು ಸಾಕು. ಇಂದಿನ ಪರೀಕ್ಷೆಗಳು ಇಪ್ಪತ್ತರ ಆಸುಪಾಸಿನಷ್ಟು ಸ್ಥಾನಗಳನ್ನು ನೋಡುವುದರಿಂದ ನಿಜವಾದ ತಂದೆ ಈ ಮಟ್ಟ ದಾಟುವುದು ಕಷ್ಟವಲ್ಲ.

ಆದರೆ ಈ ಲೆಕ್ಕದ ಒಳಗೆ ಒಂದು ಊಹೆ ಕುಳಿತಿದೆ: ಇನ್ನೊಬ್ಬ ಗಂಡಸು ಕುಟುಂಬಕ್ಕೆ ಸಂಬಂಧಿಸದವನು ಎಂಬುದು. ಅಣ್ಣತಮ್ಮಂದಿರು ಸರಾಸರಿ ಅರ್ಧದಷ್ಟು ಡಿಎನ್ಎ ಹಂಚಿಕೊಂಡಿರುತ್ತಾರೆ, ಆದ್ದರಿಂದ ತಂದೆಯೋ ಚಿಕ್ಕಪ್ಪನೋ ಎಂಬ ಪ್ರಶ್ನೆ ಎದ್ದರೆ ಅದೇ ಸಾಕ್ಷ್ಯದ ತೂಕ ತಗ್ಗುತ್ತದೆ. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇರುವ ನಮ್ಮ ಕಡೆ ತಂದೆ ತಾಯಿಯೇ ರಕ್ತಸಂಬಂಧಿಗಳಾಗಿರಬಹುದು. ಆಗ ಒಂದೇ ಬಗೆಯ ಪ್ರತಿ ಇಬ್ಬರಲ್ಲೂ ಇದ್ದು, ಮಗುವಿಗೆ ಯಾರಿಂದ ಯಾವುದು ಬಂತೆಂದು ಬೇರ್ಪಡಿಸುವುದು ಕೆಲವು ಸ್ಥಾನಗಳಲ್ಲಿ ಆಗುವುದಿಲ್ಲ. ಹೆಚ್ಚು ಸ್ಥಾನಗಳನ್ನು ನೋಡುವುದೇ ಪರಿಹಾರ. ಕುಟುಂಬದವರು ಈ ಸಂಬಂಧವನ್ನು ಸಂಕೋಚವಿಲ್ಲದೆ ಮೊದಲೇ ಪ್ರಯೋಗಾಲಯಕ್ಕೆ ತಿಳಿಸಬೇಕು.

ಡಿಎನ್ಎ ಎಲ್ಲವನ್ನೂ ಗೆಲ್ಲುತ್ತದೆ ಎಂದುಕೊಳ್ಳಬಾರದು. 2001ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗುಯೆನ್ ಪ್ರಕರಣದಲ್ಲಿ ತೀರ್ಪಿತ್ತಿತು. ವಿಯೆಟ್ನಾಂನಲ್ಲಿ ಮದುವೆಯಾಗದ ಪೋಷಕರಿಗೆ ಹುಟ್ಟಿ ಅಮೆರಿಕದ ಪ್ರಜೆಯಾದ ತಂದೆಯ ಬಳಿ ಬೆಳೆದವನ ಪ್ರಕರಣ ಅದು. ಡಿಎನ್ಎ ಪರೀಕ್ಷೆ ತಂದೆತನವನ್ನು ಶೇ 99.98 ಎಂದಿತ್ತು. ಆದರೂ ಮಗನಿಗೆ 18 ತುಂಬುವ ಮೊದಲು ತಂದೆ ಕಾನೂನು ಹೇಳಿದ ವಿಧ್ಯುಕ್ತ ಹೆಜ್ಜೆ ಇಟ್ಟಿರಲಿಲ್ಲ ಎಂಬ ಕಾರಣಕ್ಕೆ ಐವರು ನ್ಯಾಯಮೂರ್ತಿಗಳ ಬಹುಮತ ಅವನ ಪೌರತ್ವದ ವಾದವನ್ನು ತಳ್ಳಿಹಾಕಿತು, ನಾಲ್ವರು ಅವನ ಪರವಾಗಿ ನಿಂತರು. ಅದು ಹುಟ್ಟಿನಿಂದ ಬರುವ ಪೌರತ್ವದ ಪ್ರಶ್ನೆ, ನಮ್ಮ ವಿಷಯದ ನೆರೆಯದು. ಪಾಠ ಮಾತ್ರ ಎರಡಕ್ಕೂ ಸಲ್ಲುತ್ತದೆ. ರಕ್ತಸಂಬಂಧವನ್ನು ಜೀವಕೋಶ ಹೇಳಬಲ್ಲದು. ಮಗು ಯಾರ ಸುಪರ್ದಿಯಲ್ಲಿತ್ತು, ಯಾವ ದಿನ ಎಲ್ಲಿ ವಾಸವಿತ್ತು ಎಂಬುದನ್ನು ಕಾಗದವೇ ಹೇಳಬೇಕು.

ಪುರಾವೆ ಪಡೆಯಲು ಎರಡು ದಾರಿಗಳಿವೆ. ಹೆಚ್ಚಿನವರು ಹಿಡಿಯುವುದು ಪಾಸ್‌ಪೋರ್ಟಿನ ದಾರಿ. ಹದಿನಾರಕ್ಕಿಂತ ಕಿರಿಯರಿಗೆ ಶುಲ್ಕ ಒಟ್ಟು 135 ಡಾಲರ್, ಸಾಮಾನ್ಯವಾಗಿ ಇಬ್ಬರೂ ಪೋಷಕರ ಒಪ್ಪಿಗೆ ಬೇಕು, ಅವಧಿ ಐದು ವರ್ಷ. 1982ರ ಕಾನೂನಿನಂತೆ ಅವಧಿಯೊಳಗಿನ ಪಾಸ್‌ಪೋರ್ಟಿಗೆ ಪೌರತ್ವ ಪ್ರಮಾಣಪತ್ರದಷ್ಟೇ ಬೆಲೆ. ಇನ್ನೊಂದು, ಎನ್-600 ಎಂಬ ಅರ್ಜಿ ಹಾಕಿ ಪೌರತ್ವ ಪ್ರಮಾಣಪತ್ರವನ್ನೇ ಪಡೆಯುವುದು. 2024ರ ಏಪ್ರಿಲ್‌ನ ಪರಿಷ್ಕರಣೆಯಲ್ಲಿ ಇದರ ಶುಲ್ಕ ಕಾಗದದಲ್ಲಿ ಸಲ್ಲಿಸಿದರೆ 1,385 ಡಾಲರ್, ಆನ್‌ಲೈನ್‌ನಲ್ಲಿ 1,335 ಎಂದಾಯಿತು. ಈ ಮೊತ್ತ ಹೆಚ್ಚೆಂದೇ ನನ್ನ ಅನಿಸಿಕೆ. ಕಾನೂನು ಈಗಾಗಲೇ ಕೊಟ್ಟಿರುವುದನ್ನು ಬರೆದುಕೊಡಲು ಇಷ್ಟು ಹಣ ಕೇಳುವುದು ಬಡ ಕುಟುಂಬಗಳನ್ನು ದೂರ ಇಡುತ್ತದೆ.

ಪಾಸ್‌ಪೋರ್ಟ್ ಅಗ್ಗ, ಆದರೆ ಅವಧಿ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಪಾಸ್‌ಪೋರ್ಟ್ ಕೊಡುವುದು ವಿದೇಶಾಂಗ ಇಲಾಖೆ, ವಲಸೆ ದಾಖಲೆ ಇಡುವುದು ಬೇರೆ ಇಲಾಖೆ. ಒಂದರಲ್ಲಿ ಪ್ರಜೆಯಾದವರು ಇನ್ನೊಂದರಲ್ಲಿ ವರ್ಷಗಟ್ಟಲೆ ಕಾಯಂ ನಿವಾಸಿಯಾಗಿಯೇ ಉಳಿಯಬಹುದು. ಸೋಷಿಯಲ್ ಸೆಕ್ಯುರಿಟಿ ದಾಖಲೆಯೂ ತಾನಾಗಿ ತಿದ್ದಿಕೊಳ್ಳುವುದಿಲ್ಲ, ಕೇಳಿ ತಿದ್ದಿಸಬೇಕು. ಚಾಲನಾ ಪರವಾನಗಿ, ಸರ್ಕಾರಿ ನೆರವು, ಮತದಾರರ ಪಟ್ಟಿ, ಹೀಗೆ ಪೌರತ್ವ ಪರಿಶೀಲನೆ ನಡೆಯುವ ಕಡೆಯೆಲ್ಲ ಹಳೆಯ ದಾಖಲೆ ಅಡ್ಡ ಬರಬಹುದು.

ಇದು ಕೇವಲ ಕಿರಿಕಿರಿಯ ಮಾತಲ್ಲ. ವಿದೇಶದಲ್ಲಿ ಹುಟ್ಟಿದವರು ಗಡೀಪಾರು ವಿಚಾರಣೆಯಲ್ಲಿ ನಿಂತರೆ, ಅವರು ಪ್ರಜೆಗಳಲ್ಲ ಎಂಬ ಗ್ರಹಿಕೆಯಿಂದಲೇ ನ್ಯಾಯಾಲಯ ಶುರು ಮಾಡುತ್ತದೆ. ಅದನ್ನು ಅಳಿಸುವ ಹೊಣೆ ಅವರದೇ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, 2015ರಿಂದ 2020ರ ಆರಂಭದವರೆಗೆ ಪ್ರಜೆಗಳಾಗಿರಬಹುದಾದ 674 ಮಂದಿಯನ್ನು ವಲಸೆ ಜಾರಿ ಸಂಸ್ಥೆ ಬಂಧಿಸಿತ್ತು, 70 ಮಂದಿಯನ್ನು ದೇಶದಿಂದ ಹೊರಗೆ ಕಳಿಸಿತ್ತು.

ಭಾರತದ ಕಡೆಯ ಬಾಗಿಲ ಬಗ್ಗೆಯೂ ಒಂದು ಮಾತು. ಎರಡು ಪೌರತ್ವವನ್ನು ಭಾರತ ಒಪ್ಪುವುದಿಲ್ಲ. ಹಳೆಯ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿ, ಬೇಕಾದವರು ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಪಡೆಯಬೇಕು. ಮಕ್ಕಳು ಪ್ರಾಪ್ತವಯಸ್ಕರಾದ ಮೇಲೆ ಭಾರತದ ಪೌರತ್ವಕ್ಕೆ ಸುಲಭವಾಗಿ ಮರಳಬಹುದೆಂದು ಕೆಲವರು ನಂಬಿದ್ದಾರೆ. ಪೋಷಕರು ಬೇರೆ ದೇಶದ ಪೌರತ್ವ ಪಡೆದದ್ದರಿಂದ ಅವರ ಭಾರತೀಯ ಪೌರತ್ವ ತಾನಾಗಿ ಕೊನೆಗೊಂಡಿದ್ದರೆ, 1955ರ ಪೌರತ್ವ ಕಾಯ್ದೆಯ 8(2)ನೇ ಸೆಕ್ಷನ್ ಕೊಡುವ ಮರಳುವ ಅವಕಾಶ ಅವರ ಮಕ್ಕಳಿಗೆ ಸಲ್ಲುವುದಿಲ್ಲವೆಂದು 2024ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಆದ್ದರಿಂದ ಅಲ್ಲಿರುವ ತಂದೆ ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟು. ಪ್ರಮಾಣವಚನದ ಮರುವಾರವೇ ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಹಣ ಹೊಂದಿಸಲು ಸಾಧ್ಯವಾದ ಕೂಡಲೇ ಎನ್-600 ಸಲ್ಲಿಸಿ, 18 ದಾಟಿದ ಮಕ್ಕಳೂ ಆ ಮೊದಲೇ ಪ್ರಜೆಗಳಾಗಿದ್ದರೆ ಅದನ್ನು ಸಲ್ಲಿಸಬಹುದು. ನೀವು ಬದುಕಿರುವಾಗ, ನಿಮ್ಮ ಕಾಗದಗಳು ನಿಮ್ಮ ಕೈಗೆ ಸಿಗುವಂತಿರುವಾಗ ಮಾಡಿಸಿ.